ಟ್ಯೂನಿಂಗ್‌ಗಾಗಿ ಕಾರಿನ ಇಸಿಯು ಬಿಚ್ಚುವುದು: ಶುರುವಿನಿಂದ ವಾಪಸ್ ಕೂರಿಸುವ ತನಕ

ಟ್ಯೂನಿಂಗ್ ಅಂದರೆ ಎಂಜಿನ್ನಿನ ಶಕ್ತಿ ಹೆಚ್ಚಿಸಲು ಅದರ ಕಂಪ್ಯೂಟರಿನ ಲೆಕ್ಕಗಳನ್ನು ತಿದ್ದುವುದು. ಇಸಿಯು ಅನ್ನುವ ಆ ಎಂಜಿನ್ ಕಂಪ್ಯೂಟರನ್ನು ಕಾರಿನಿಂದ ಹೊರಗೆ ತೆಗೆಯುವ ಕೆಲಸ ಕೇಳಲು ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಅಲ್ಲಿರುವುದು ಒಂದು ಅಲ್ಯೂಮಿನಿಯಂ ಡಬ್ಬಿ, ಎರಡು ಕನೆಕ್ಟರ್, ನಾಲ್ಕು ಬೋಲ್ಟು. ಎಷ್ಟೋ ಕಾರುಗಳಲ್ಲಿ ಅರ್ಧ ಗಂಟೆಯ ಕೆಲಸ. ಆದರೂ ಜನ ಇಲ್ಲಿ ಎಡವುತ್ತಾರೆ. ಬಿಚ್ಚುವಾಗ ಎಡವುವವರು ಕಡಿಮೆ. ಬಿಚ್ಚುವ ಮುಂಚೆ ಮಾಡಬೇಕಾದ್ದನ್ನು ಬಿಟ್ಟು, ವಾಪಸ್ ಕೂರಿಸುವಾಗ ಆತುರ ಮಾಡಿ ಕೆಡಿಸಿಕೊಳ್ಳುವವರೇ ಜಾಸ್ತಿ. ಹಾಗಾಗಿ ಈ ಲೇಖನದಲ್ಲಿ ಬೋಲ್ಟು ತಿರುಗಿಸುವುದಕ್ಕಿಂತ ಅದರ ಹಿಂದುಮುಂದಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಪ್ರಶ್ನೆ: ಬಿಚ್ಚಲೇಬೇಕಾ?

ಎಷ್ಟೋ ಸಲ ಬೇಕಾಗಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಓಬಿಡಿ ಸಾಕೆಟ್ ಇದೆಯಲ್ಲ, ಅದರ ಮೂಲಕವೇ ಹಲವು ಕಾರುಗಳ ಇಸಿಯು ಒಳಗಿನ ಸಾಫ್ಟ್‌ವೇರ್ ಓದಬಹುದು, ಬರೆಯಬಹುದು. ಡಬ್ಬಿ ತನ್ನ ಜಾಗದಲ್ಲೇ ಇರುತ್ತದೆ. ನಿಮ್ಮ ಕಾರಿಗೆ ಈ ದಾರಿ ಇದ್ದರೆ ಸ್ಪ್ಯಾನರ್ ಎತ್ತಿಕೊಳ್ಳುವ ಅಗತ್ಯವೇ ಇಲ್ಲ. ಟ್ಯೂನರ್ ಹತ್ತಿರ ಮೊದಲು ಇದನ್ನೇ ಕೇಳಿ.

ಹಾಗಿದ್ದರೆ ಯಾವಾಗ ಬಿಚ್ಚಬೇಕಾಗುತ್ತದೆ? ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ.

ಒಂದು, ತಯಾರಕರು ಬೀಗ ಹಾಕಿದ್ದಾಗ. ಬಾಷ್‌ನ ಇಡಿಸಿ17, ಎಂಇಡಿ17 ಸರಣಿಯ ಹಲವು ಇಸಿಯುಗಳಲ್ಲಿ ಟ್ಯೂನಿಂಗ್ ತಡೆಯುವ ರಕ್ಷಣೆ ಇದೆ. ಓಬಿಡಿಯಿಂದ ಹೊಸ ಫೈಲ್ ಬರೆಯಲು ಹೋದರೆ ಅದು ಒಪ್ಪುವುದಿಲ್ಲ. ಅಂಥದ್ದನ್ನು ಮೇಜಿನ ಮೇಲಿಟ್ಟು, ಅದರ ಪಿನ್ನುಗಳಿಗೆ ನೇರವಾಗಿ ವೈರು ಕೊಟ್ಟು ಮಾತಾಡಿಸಬೇಕು. ಇದಕ್ಕೆ ಟ್ಯೂನರ್‌ಗಳು ಬೆಂಚ್ ಮೋಡ್ ಅನ್ನುತ್ತಾರೆ. ಕೆಲವಕ್ಕೆ ಅದೂ ಸಾಲದು. ಮುಚ್ಚಳ ತೆಗೆದು, ಒಳಗಿನ ಬೋರ್ಡಿನ ಒಂದು ಬಿಂದುವನ್ನು ಗ್ರೌಂಡಿಗೆ ಮುಟ್ಟಿಸಿ ಪ್ರೊಸೆಸರನ್ನು ಬೂಟ್ ಮೋಡ್‌ಗೆ, ಅಂದರೆ ಹೊರಗಿನಿಂದ ನೇರವಾಗಿ ಓದಲು, ಬರೆಯಲು ಬಿಡುವ ಸ್ಥಿತಿಗೆ ತರಬೇಕು.

ಎರಡು, ಹಳೆಯ ಕಾರುಗಳು. 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿನಲ್ಲಿ ಬಾಷ್‌ನ ಮೋಟ್ರಾನಿಕ್ ಬಂದಾಗ ಪೆಟ್ರೋಲ್ ಚಿಮ್ಮಿಸುವುದು, ಕಿಡಿ ಹೊಡೆಸುವುದು ಎರಡನ್ನೂ ಒಂದೇ ಡಬ್ಬಿ ನೋಡಿಕೊಳ್ಳಲು ಶುರುವಾಯಿತು. ಆ ಕಾಲದ ಡಬ್ಬಿಗಳಲ್ಲಿ ಲೆಕ್ಕದ ಪಟ್ಟಿಗಳೆಲ್ಲ ಒಂದು ಚಿಪ್‌ನಲ್ಲಿ ಇರುತ್ತಿದ್ದವು. ಟ್ಯೂನಿಂಗ್ ಅಂದರೆ ಆ ಚಿಪ್ ಕಿತ್ತು ಬೇರೆ ಹಾಕುವುದು. ‘ಚಿಪ್ ಟ್ಯೂನಿಂಗ್’ ಅನ್ನುವ ಹೆಸರು ಬಂದದ್ದೇ ಹಾಗೆ. ಈಗಿನ ಕಾರುಗಳಲ್ಲಿ ಚಿಪ್ ಯಾರೂ ಕೀಳುವುದಿಲ್ಲ, ಹೆಸರು ಮಾತ್ರ ಉಳಿದಿದೆ. 1992ರಿಂದ 95ರ ಹೋಂಡಾ ಸಿವಿಕ್‌ನ ಪಿ28 ಇಸಿಯುವನ್ನು ಇಂದಿಗೂ ಹೀಗೇ ಟ್ಯೂನ್ ಮಾಡುತ್ತಾರೆ: ಬೋರ್ಡಿನ ಖಾಲಿ ಜಾಗದಲ್ಲಿ 28 ಕಾಲಿನ ಸಾಕೆಟ್ ಬೆಸುಗೆ ಹಾಕಿ, ಪಕ್ಕದಲ್ಲಿ ಒಂದು 74ಎಚ್‌ಸಿ373 ಚಿಪ್ ಮತ್ತು ಒಂದು ಜಂಪರ್ ಕೂರಿಸಿ, ಸಾಕೆಟ್ಟಿಗೆ 27ಸಿ256 ಚಿಪ್ ಹಾಕುತ್ತಾರೆ. ಅದಕ್ಕೆ ಡಬ್ಬಿ ಹೊರಗೆ ಬರಲೇಬೇಕು.

ಮೂರು, ಟ್ಯೂನರ್ ದೂರದ ಊರಿನಲ್ಲಿದ್ದಾಗ. ಕಾರು ಅಲ್ಲಿಗೆ ಒಯ್ಯುವ ಬದಲು ಡಬ್ಬಿ ಮಾತ್ರ ಕೊರಿಯರ್ ಮಾಡುವುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟರ್ಬೊ ಇಲ್ಲದ ಎಂಜಿನ್ನಿಗೆ ಬರೀ ಸಾಫ್ಟ್‌ವೇರ್ ಬದಲಾಯಿಸಿದರೆ ಸಿಗುವ ಲಾಭ ತೀರಾ ಕಡಿಮೆ. ಗಾಳಿ ಅಷ್ಟೇ ಇರುವಾಗ ಪೆಟ್ರೋಲ್ ಮತ್ತು ಕಿಡಿಯ ಲೆಕ್ಕ ಎಷ್ಟು ತಿದ್ದಿದರೂ ಅಷ್ಟೇ. ಟರ್ಬೊ ಇದ್ದರೆ ಮಾತು ಬೇರೆ. ಒತ್ತಡ ಏರಿಸಿ ಜಾಸ್ತಿ ಗಾಳಿ ತುಂಬಬಹುದು. ಟರ್ಬೊ ಇಲ್ಲದ, ಬೇರೆ ಯಾವ ಭಾಗವನ್ನೂ ಬದಲಿಸದ ಕಾರಿಗಾಗಿ ಇಸಿಯು ಬಿಚ್ಚಿ ಕಳಿಸುವ ಯೋಚನೆ ಇದ್ದರೆ ಇನ್ನೊಮ್ಮೆ ಯೋಚಿಸಿ, ಅಷ್ಟೆ.

ಬಿಚ್ಚುವ ಮುಂಚೆ

ಕಾಯಿಲೆ ಇರುವ ಎಂಜಿನ್ನಿಗೆ ಟ್ಯೂನ್ ಮದ್ದಲ್ಲ. ಟರ್ಬೊ ಪೈಪಿನಲ್ಲಿ ಎಲ್ಲೋ ಗಾಳಿ ಸೋರುತ್ತಿದ್ದರೆ, ಕಿಡಿ ಕೊಡುವ ಒಂದು ಕಾಯಿಲ್ ಆಗಾಗ ಮಿಸ್ ಹೊಡೆಯುತ್ತಿದ್ದರೆ, ಟ್ಯೂನ್ ಆದ ಮೇಲೆ ಅದು ಇನ್ನೂ ಜೋರಾಗುತ್ತದೆ. ಆಗ ತಪ್ಪು ಫೈಲಿನದಾ, ಕಾರಿನದಾ ಎಂದು ಹುಡುಕುವುದೇ ದೊಡ್ಡ ತಲೆನೋವು. ಹಾಗಾಗಿ ಮೊದಲು ಒಂದು ಸ್ಕ್ಯಾನರ್ ಹಾಕಿ. ಇರುವ ಎಲ್ಲ ಎರರ್ ಕೋಡುಗಳನ್ನೂ ಬರೆದಿಟ್ಟುಕೊಳ್ಳಿ. ಅಳಿಸಿಬಿಡಬೇಡಿ, ಕಾರಣ ಹುಡುಕಿ ರಿಪೇರಿ ಮಾಡಿಸಿ. ಸಾಧ್ಯವಾದರೆ ಸಿಲಿಂಡರ್‌ಗಳ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಕ್ಲಚ್ಚು ಈಗಾಗಲೇ ಜಾರುತ್ತಿದ್ದರೆ ಹೊಸ ಶಕ್ತಿ ಚಕ್ರಕ್ಕೆ ಹೋಗುವುದಿಲ್ಲ, ಕ್ಲಚ್ಚಿನ ಹೊಗೆಯಾಗಿ ಹೋಗುತ್ತದೆ.

ಅದೇ ಸ್ಕ್ಯಾನರ್‌ನಲ್ಲಿ ಇಸಿಯುವಿನ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್, ಕಾರಿನ ಚಾಸಿಸ್ ನಂಬರ್ ತೋರಿಸುತ್ತದೆ. ಅದರ ಫೋಟೊ ಹೊಡೆದುಕೊಳ್ಳಿ. ಡಬ್ಬಿಯ ಮೇಲಿನ ಲೇಬಲ್‌ನಲ್ಲಿ ಸಾಮಾನ್ಯವಾಗಿ ಹಾರ್ಡ್‌ವೇರ್ ನಂಬರ್ ಸಿಗುತ್ತದೆ. ಆದರೆ ಹಿಂದೆ ಸರ್ವಿಸಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದ್ದರೆ ಲೇಬಲ್ ಮೇಲಿನ ಸಾಫ್ಟ್‌ವೇರ್ ನಂಬರ್ ಹಳೆಯದಾಗಿರುತ್ತದೆ. ಸ್ಕ್ಯಾನರ್ ತೋರಿಸಿದ್ದನ್ನೇ ನಂಬಿ.

ಕಾರನ್ನು ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದು ಅದಕ್ಕಿಂತ ಮುಖ್ಯ. ಇಸಿಯು ಇಲ್ಲದ ಕಾರು ಒಂದು ಇಂಚೂ ತಾನಾಗಿ ಹೋಗುವುದಿಲ್ಲ. ಡಬ್ಬಿ ಕಳಿಸಿ ವಾಪಸ್ ಬರಲು ಒಂದು ವಾರ ಹಿಡಿಯಿತು ಅಂದುಕೊಳ್ಳಿ. ಅಷ್ಟು ದಿನ ಕಾರು ಅಲ್ಲೇ ಇರಬೇಕು. ಆಟೊಮ್ಯಾಟಿಕ್ ಗೇರು, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಾದರೆ ತಳ್ಳಿ ಪಕ್ಕಕ್ಕಿಡುವುದೂ ಕಷ್ಟ. ಹಾಗಾಗಿ ಮಳೆ ಬೀಳದ, ಯಾರಿಗೂ ಅಡ್ಡವಾಗದ ಜಾಗ ನೋಡಿ ನಿಲ್ಲಿಸಿ, ಆಮೇಲೆ ಬಾನೆಟ್ ತೆಗೆಯಿರಿ.

ಬೇಕಾಗುವ ಸಾಮಾನುಗಳು ಹೆಚ್ಚೇನಿಲ್ಲ. 10 ಮಿಮೀ ಸಾಕೆಟ್ ಬೇಕೇ ಬೇಕು. ವೈಪರ್ ತೆಗೆಯಬೇಕಾದರೆ 13 ಅಥವಾ 16 ಮಿಮೀ ಸಾಕೆಟ್ ಮತ್ತು ಚಿಕ್ಕದೊಂದು ಪುಲ್ಲರ್. ಟಿ20, ಟಿ25, ಟಿ30 ಟಾರ್ಕ್ಸ್ ಬಿಟ್ಟುಗಳು. ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಪಟ್ಟಿ. ಮಲ್ಟಿಮೀಟರ್. ಕೈಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿ. ಬೋಲ್ಟು ಇಟ್ಟುಕೊಳ್ಳಲು ಒಂದು ಡಬ್ಬ. ಮೊಬೈಲ್ ಹೇಗೂ ಕೈಯಲ್ಲಿರುತ್ತದೆ. ಪ್ರತಿ ಹಂತದಲ್ಲೂ ಒಂದು ಫೋಟೊ ಹೊಡೆಯಿರಿ. ಆಗ ಸುಮ್ನೆ ಹೊಡೆದ ಹಾಗೆ ಕಾಣುತ್ತದೆ. ವಾಪಸ್ ಜೋಡಿಸುವಾಗ ಅದೇ ಕೈ ಹಿಡಿಯುವುದು.

ಡಬ್ಬಿ ಎಲ್ಲಿದೆ?

ಒಂದೊಂದು ಕಾರಿನಲ್ಲಿ ಒಂದೊಂದು ಕಡೆ. ಬಾನೆಟ್ ಕೆಳಗೆ ಬ್ಯಾಟರಿಯ ಪಕ್ಕದಲ್ಲಿ ಇದ್ದರೆ ನಿಮ್ಮ ಅದೃಷ್ಟ. ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನಂಥ ಕಾರುಗಳಲ್ಲಿ ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಅಡಿಯಲ್ಲಿ ಇರುತ್ತದೆ. ಹಳೆಯ ಸಿವಿಕ್, ಸುಬಾರು ಇಂಪ್ರೆಜಾಗಳಲ್ಲಿ ಕಾರಿನ ಒಳಗೇ ಇರುತ್ತದೆ. ಚಾಲಕನ ಪಕ್ಕದಲ್ಲಿ ಕೂರುವವರು ಕಾಲಿಡುವ ಜಾಗದ ಕಾರ್ಪೆಟ್ ಎತ್ತಿದರೆ ಸಿಗುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ಎಂಜಿನ್ನಿನ ಮೈಗೇ ಬೋಲ್ಟು ಹಾಕಿರುತ್ತಾರೆ. ನಿಮ್ಮ ಮಾಡೆಲ್ಲಿನ ರಿಪೇರಿ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಿ. ಬಾನೆಟ್ ಕೆಳಗೆ ಕಪ್ಪು ಡಬ್ಬಿಗಳು ಬೇಕಾದಷ್ಟಿರುತ್ತವೆ. ದಪ್ಪನೆಯ ವೈರಿನ ಗೊಂಚಲು, ಲಿವರ್ ಇರುವ ದೊಡ್ಡ ಕನೆಕ್ಟರ್, ಲೇಬಲ್ ಮೇಲೆ ನೀವು ಬರೆದುಕೊಂಡ ಅದೇ ನಂಬರ್ ಇದ್ದರೆ ಅದು ಇಸಿಯು. ಎಬಿಎಸ್ ಘಟಕವಾದರೆ ಅದಕ್ಕೆ ಬ್ರೇಕಿನ ಲೋಹದ ಪೈಪುಗಳು ಸೇರಿರುತ್ತವೆ, ಅದರ ತಂಟೆಗೆ ಹೋಗಬೇಡಿ.

ಕಾರಿನ ಒಳಗೆ ಕೈ ಹಾಕುವವರಿಗೆ ಒಂದು ಎಚ್ಚರಿಕೆ. ಗ್ಲವ್ ಬಾಕ್ಸ್ ಸುತ್ತಮುತ್ತ ಹಳದಿ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ವೈರು ಕಂಡರೆ ಅದು ಏರ್‌ಬ್ಯಾಗಿನದು. ಮುಟ್ಟಬೇಡಿ, ಮೀಟರ್ ಹಿಡಿದು ಅಳೆಯಲೂ ಬೇಡಿ.

ಬ್ಯಾಟರಿ ಬಿಡಿಸುವುದು

ಕೀ ತೆಗೆಯಿರಿ. ಕೀ ಇಲ್ಲದೆ ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯನ್ನು ದೂರದಲ್ಲಿಡಿ. ತಕ್ಷಣ ಬ್ಯಾಟರಿಗೆ ಕೈ ಹಾಕಬೇಡಿ. ಇಗ್ನಿಷನ್ ಆಫ್ ಆದ ಮೇಲೂ ಇಸಿಯು ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ. ಅಲ್ಲಿಯವರೆಗೆ ಕಲಿತ ಲೆಕ್ಕಗಳನ್ನು ನೆನಪಿಗೆ ಬರೆದುಕೊಳ್ಳುತ್ತದೆ, ಬೇಕಿದ್ದರೆ ಫ್ಯಾನ್ ಓಡಿಸುತ್ತದೆ. ಅದು ಬರೆಯುತ್ತಿರುವಾಗ ಕರೆಂಟ್ ಕಿತ್ತರೆ ಒಳ್ಳೆಯದಲ್ಲ. 15-20 ನಿಮಿಷ ಬಿಡಿ. ಎಂಜಿನ್ನೂ ಅಷ್ಟರಲ್ಲಿ ಸ್ವಲ್ಪ ತಣ್ಣಗಾಗುತ್ತದೆ.

ಆ ಹೊತ್ತಿನಲ್ಲಿ ಮೂರು ವಿಷಯ ನೋಡಿಕೊಳ್ಳಿ. ವೈಪರ್‌ಗಳು ಕೆಳಗೆ ತಮ್ಮ ಜಾಗದಲ್ಲಿ ನಿಂತಿವೆಯಾ? ಹಳೆಯ ರೇಡಿಯೊ ಆದರೆ ಕೋಡ್ ನಿಮ್ಮ ಹತ್ತಿರ ಇದೆಯಾ? ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಡಿಕ್ಕಿಯ ಬೀಗ ಕರೆಂಟಿನಿಂದ ಓಡುವುದಾ? ಮೂರನೆಯದು ನಾನು ಕಲಿತದ್ದು ನನ್ನದೇ ದಡ್ಡತನದಿಂದ. ಡಿಕ್ಕಿಯೊಳಗಿನ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅಭ್ಯಾಸಬಲದಿಂದ ಡಿಕ್ಕಿ ಹಾಕಿಬಿಟ್ಟೆ. ಟಪ್ ಎಂದು ಲಾಕ್ ಆಯಿತು. ತೆಗೆಯಲು ಕರೆಂಟ್ ಬೇಕು, ಕರೆಂಟ್ ಡಿಕ್ಕಿಯೊಳಗಿದೆ. ಹಿಂದಿನ ಸೀಟು ಮಡಚಿ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಕೇಬಲ್ ಮತ್ತೆ ಮುಟ್ಟಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬಾಗಿಲು, ಬಾನೆಟ್, ಡಿಕ್ಕಿ ಯಾವುದನ್ನೂ ಪೂರ್ತಿ ಮುಚ್ಚಬೇಡಿ.

ಮೊದಲು ನೆಗೆಟಿವ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಗುಲಿದ ಕ್ಷಣ ನೇರ ಶಾರ್ಟ್ ಆಗುತ್ತದೆ. ಬಿಚ್ಚಿದ ಕೇಬಲ್‌ಗೆ ಒಂದು ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ, ಅದು ತಾನಾಗಿ ಸ್ಪ್ರಿಂಗಿನ ಹಾಗೆ ವಾಪಸ್ ಬಂದು ಟರ್ಮಿನಲ್ ಮುಟ್ಟಬಾರದು. ಡಬ್ಬಿ ಬ್ಯಾಟರಿಯ ಹಿಂದೆ ಅಥವಾ ಅಡಿಯಲ್ಲಿದ್ದರೆ ಮಾತ್ರ ಬ್ಯಾಟರಿಯನ್ನೇ ಎತ್ತಿ ಹೊರಗಿಡಿ.

ವೈಪರ್, ತಟ್ಟೆ, ನೀರು

ಇಸಿಯು ಗಾಜಿನ ಬುಡದಲ್ಲಿರುವ ಕಾರಿನವರು ಮಾತ್ರ ಇದನ್ನು ಓದಿ. ವೈಪರ್ ರೆಕ್ಕೆ ಗಾಜಿನ ಮೇಲೆ ಎಲ್ಲಿ ನಿಂತಿದೆಯೋ ಅಲ್ಲಿ ಒಂದು ತುಂಡು ಟೇಪ್ ಅಂಟಿಸಿ, ವಾಪಸ್ ಹಾಕುವಾಗ ಅದೇ ಗುರುತು. ಬುಡದ ಮುಚ್ಚಳ ತೆಗೆದು ನಟ್ಟು ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ರೆಕ್ಕೆ ಹಲ್ಲುಗಳ ಮೇಲೆ ಬಿಗಿಯಾಗಿ ಕಚ್ಚಿ ಕೂತಿರುತ್ತದೆ. ಪುಲ್ಲರ್ ಹಾಕಿ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗಾಜು ಬಿರುಕು ಬಿಡಬಹುದು. ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿರಿ.

ಪ್ಲಾಸ್ಟಿಕ್ ತಟ್ಟೆ ಎಬ್ಬಿಸಿದ ಕೂಡಲೇ ಕೆಳಗೆ ನೋಡಿ. ಒಣಗಿದ ಎಲೆ, ಮಣ್ಣು, ಕೆಲವೊಮ್ಮೆ ನಿಂತ ನೀರು ಇರುತ್ತದೆ. ಇವನ್ನು ಪೂರ್ತಿ ತೆಗೆದು ಒರೆಸಿ ಆಮೇಲೆ ಕನೆಕ್ಟರ್ ಮುಟ್ಟಿ. ಬಿಚ್ಚಿದ ಕನೆಕ್ಟರ್ ಒಳಗೆ ಒಂದು ಹನಿ ಬಿದ್ದರೂ ತಿಂಗಳ ನಂತರ ಪಿನ್ನಿನ ಮೇಲೆ ಹಸಿರು ಪಾಚಿಯ ಹಾಗೆ ತುಕ್ಕು ಬೆಳೆಯುತ್ತದೆ. ಆ ತೊಂದರೆ ಹುಡುಕಿ ಹಿಡಿಯುವುದು ಬಹಳ ಕಷ್ಟ.

ಕನೆಕ್ಟರ್ ಮತ್ತು ಬೋಲ್ಟು

ಈಗ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡು ಅದರ ಕ್ಲಿಪ್ಪನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ. ಪಟ್ಟಿ ಇಲ್ಲದಿದ್ದರೆ ಕನಿಷ್ಠ ಆಗಾಗ ಲೋಹ ಮುಟ್ಟುತ್ತಿರಿ. ಇದು ಅತಿಯಾಯಿತು ಅನ್ನುವವರಿದ್ದಾರೆ. ನಮ್ಮ ಮೈಮೇಲಿನ ಸ್ಥಿರ ವಿದ್ಯುತ್ತು ಕೆಲವು ಸಾವಿರ ವೋಲ್ಟ್ ತನಕ ಸುಲಭವಾಗಿ ಹೋಗುತ್ತದೆ. ನಮಗೆ ಚುರುಕ್ ಅನ್ನದಿದ್ದರೂ ಚಿಪ್ಪಿಗೆ ಅನ್ನಬಹುದು. ಬೆರಳು ಎಂದೂ ಪಿನ್ನಿಗೆ ತಾಗಬಾರದು.

ಕನೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಲಿವರ್ ಅಥವಾ ಜಾರುವ ಬೀಗ ಇರುತ್ತದೆ. ಬಾಷ್‌ನ ಎಷ್ಟೋ ಇಸಿಯುಗಳಲ್ಲಿ ಒಂದರಲ್ಲಿ 94, ಇನ್ನೊಂದರಲ್ಲಿ 60, ಒಟ್ಟು 154 ಪಿನ್ನು. ಅಷ್ಟೂ ಒಟ್ಟಿಗೆ ಹಿಡಿದುಕೊಂಡಿರುವಾಗ ಕೈಯಲ್ಲಿ ಎಳೆದರೆ ಬರುವುದಿಲ್ಲ, ಎಳೆಯಲೂಬಾರದು. ಚಿಕ್ಕ ಬೀಗ ಒತ್ತಿ, ಲಿವರನ್ನು ಕೊನೆಯ ತನಕ ತಿರುಗಿಸಿ. ಕನೆಕ್ಟರ್ ತಾನೇ ಮೇಲೇಳುತ್ತದೆ. ಅರ್ಧಕ್ಕೆ ನಿಂತರೆ ಹಳಿಯಲ್ಲಿ ಮಣ್ಣು ಸಿಕ್ಕಿರುತ್ತದೆ. ಗಾಳಿ ಹೊಡೆದು ಮತ್ತೆ ಪ್ರಯತ್ನಿಸಿ. ವೈರು ಹಿಡಿದು ಎಳೆಯುವುದು, ಒಂದು ಮೂಲೆಯಿಂದ ಮೀಟುವುದು ಎರಡೂ ಬೇಡ.

ಬೋಲ್ಟುಗಳ ಕಥೆ ಎರಡು ಬಗೆ. ಸಾದಾ 10 ಮಿಮೀ ಅಥವಾ ಟಾರ್ಕ್ಸ್ ಆದರೆ ಬಿಚ್ಚಿ, ಡಬ್ಬಿ ಎತ್ತಿ, ಮುಗಿಯಿತು. ಎರಡನೇ ಬಗೆ ತಲೆ ಕೆಡಿಸುತ್ತದೆ. ಕಳ್ಳರು ಇಸಿಯು ಬದಲಿಸಿ ಕಾರು ಒಯ್ಯಬಾರದು ಎಂದು ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳೂ ಸೇರಿ ಕೆಲವದರಲ್ಲಿ ಡಬ್ಬಿಯ ಸುತ್ತ ಉಕ್ಕಿನ ಕವಚ ಹಾಕಿ, ತಲೆ ಮುರಿದುಹೋಗುವ ಬೋಲ್ಟು ಕೂರಿಸಿರುತ್ತಾರೆ. ಬಿಗಿ ಮಾಡುವಾಗ ಆರು ಮೂಲೆಯ ತಲೆ ಕಳಚಿಕೊಂಡು ನುಣುಪಾದ ಗುಂಡು ಬುಡ ಉಳಿಯುತ್ತದೆ. ಮೇಲಿಂದ ಎಳೆಗೆ ಅಂಟು ಬೇರೆ ಹಚ್ಚಿರುತ್ತಾರೆ.

ಇದಕ್ಕೆ ನನಗೆ ಸರಿ ಕಂಡ ದಾರಿ ಹೀಗೆ. ಮೊದಲು ಹೀಟ್ ಗನ್‌ನಿಂದ ಬೋಲ್ಟಿನ ತಲೆಗೆ ಮಾತ್ರ ಬಿಸಿ ಕೊಡಿ. ಸಣ್ಣ ಮೂತಿ ಹಾಕಿ, ಡಬ್ಬಿಯ ಕಡೆಗೆ ಒಂದು ತಗಡು ಅಡ್ಡ ಹಿಡಿಯಿರಿ. ಬೆಂಕಿಯ ಟಾರ್ಚ್ ಬೇಡವೇ ಬೇಡ. ಅಂಟು ಮೆತ್ತಗಾದ ಮೇಲೆ ಗ್ರಿಪ್ ಪ್ಲೈಯರ್‌ನಿಂದ ಗುಂಡು ತಲೆಯನ್ನು ಗಟ್ಟಿಯಾಗಿ ಕಚ್ಚಿ ನಿಧಾನಕ್ಕೆ ತಿರುಗಿಸಿ. ಎಷ್ಟೋ ಸಲ ಇಷ್ಟಕ್ಕೇ ಬರುತ್ತದೆ. ಬರದಿದ್ದರೆ ಮಾತ್ರ ಚಿಕ್ಕ ಕಟಿಂಗ್ ಚಕ್ರದಿಂದ ತಲೆಯ ಮೇಲೆ ಒಂದು ಗೆರೆ ಕೊರೆದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ. ಆಗ ಲೋಹದ ಪುಡಿ ಹಾರುತ್ತದೆ. ಕನೆಕ್ಟರ್, ಡಬ್ಬಿಯ ಪಿನ್ನು ಎರಡನ್ನೂ ಮೊದಲೇ ಟೇಪ್ ಹಾಕಿ ಮುಚ್ಚಿರಬೇಕು, ಆಮೇಲೆ ಆಯಸ್ಕಾಂತ ಹಿಡಿದು ಪುಡಿ ಎತ್ತಬೇಕು. ಒಂದು ಚೂರು ಲೋಹ ಎರಡು ಪಿನ್ನಿನ ನಡುವೆ ಕೂತರೆ ಸಾಕು, ಮಾಡಿದ್ದೆಲ್ಲ ದಂಡ. ವಾಪಸ್ ಕೂರಿಸುವಾಗ ಅದೇ ಅಳತೆಯ ಸಾದಾ ಬೋಲ್ಟು ಹಾಕಬಹುದು. ಆದರೆ ಕಳ್ಳತನದ ರಕ್ಷಣೆ ಅಷ್ಟು ಕಮ್ಮಿಯಾಯಿತು ಅನ್ನುವುದು ನೆನಪಿರಲಿ. ಕವಚವನ್ನೂ ಬಿಡಬೇಡಿ, ಕೆಲವು ಕಾರುಗಳಲ್ಲಿ ಅದೇ ಬಿಸಿ ಹೊರಗೆ ಹಾಕುವ ದಾರಿ.

ಡಬ್ಬಿ ಹೊರಗೆ ಬಂದ ಮೇಲೆ ಕಾರಿನ ಕಡೆಯ ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಕೆಳಗಾಗಿರುವಂತೆ ಕಟ್ಟಿ. ಒಂದು ವಾರ ನಿಂತ ಕಾರಿನ ಬಾನೆಟ್ ಕೆಳಗೆ ಇಲಿ ಬಂದರೆ ಅದು ನಿಮ್ಮ ಟ್ಯೂನ್ ಬಗ್ಗೆ ಕೇಳುವುದಿಲ್ಲ, ವೈರು ಕಡಿಯುತ್ತದೆ. ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತಿರಿ.

ಮೇಜಿನ ಮೇಲೆ

ಕೊರಿಯರ್ ಮಾಡುವವರು ಡಬ್ಬಿಯನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಪಿನ್ನುಗಳ ಬಾಯಿಗೆ ಗಟ್ಟಿ ರಟ್ಟು ಕೊಟ್ಟು, ಸುತ್ತ ಮೆತ್ತೆ ತುಂಬಿ ಕಳಿಸಿ. ಸಾದಾ ಥರ್ಮೊಕೋಲ್ ಚೂರುಗಳನ್ನು ನೇರವಾಗಿ ಮೈಗೆ ತಾಗಿಸಬೇಡಿ, ಅವು ಸ್ಥಿರ ವಿದ್ಯುತ್ತಿನ ಮನೆ. ಜೊತೆಗೊಂದು ಚೀಟಿ: ಕಾರಿನ ಮಾಡೆಲ್, ವರ್ಷ, ಗೇರ್ ಬಾಕ್ಸ್, ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ನಂಬರ್, ಯಾವ ಇಂಧನ ಹಾಕುತ್ತೀರಿ, ಏನೇನು ಬದಲಿಸಿದ್ದೀರಿ. ಇಂಧನದ ಮಾತು ಮರೆಯಬೇಡಿ. 98 ಆಕ್ಟೇನ್‌ಗೆ ಬರೆದ ಫೈಲನ್ನು 91 ಆಕ್ಟೇನ್ ಹಾಕಿ ಓಡಿಸಿದರೆ ಎಂಜಿನ್ ಒಳಗೆ ನಾಕಿಂಗ್, ಅಂದರೆ ಇಂಧನ ಹದ ತಪ್ಪಿ ತಾನಾಗಿ ಸಿಡಿಯುವುದು, ಶುರುವಾಗುತ್ತದೆ.

ಕಳಿಸುವ ಮುಂಚೆಯೇ ಮೂಲ ಫೈಲ್ ನಿಮಗೆ ಕೊಡಬೇಕು ಎಂದು ಮಾತಾಡಿಕೊಳ್ಳಿ. ನನಗೆ ಒಮ್ಮೆ ಒಬ್ಬರು ಟ್ಯೂನ್ ಮಾಡಿಕೊಟ್ಟು, ಹಳೆಯದನ್ನು ಓದಿಟ್ಟೇ ಇಲ್ಲ ಅಂದರು. ಹೊಸ ಫೈಲ್‌ನಲ್ಲಿ ಐಡಲ್, ಅಂದರೆ ಪೆಡಲ್ ಒತ್ತದಿರುವಾಗ ಎಂಜಿನ್ ತಿರುಗುವ ವೇಗ, ಏರುಪೇರಾಗುತ್ತಿತ್ತು. ವಾಪಸ್ ಹೋಗಲು ದಾರಿಯೇ ಇರಲಿಲ್ಲ. ಅದೇ ಸಾಫ್ಟ್‌ವೇರ್ ನಂಬರಿನ ಮೂಲ ಫೈಲ್ ಬೇರೆ ಕಡೆ ಹುಡುಕಲು ಎರಡು ವಾರ ಹಿಡಿಯಿತು.

ನೀವೇ ಓದುವುದಾದರೆ ಬೆಂಚ್ ಮೋಡ್‌ಗೆ ಬೇಕಾಗುವುದು ಐದು ವೈರು: ಬ್ಯಾಟರಿ ಪಾಸಿಟಿವ್, ಇಗ್ನಿಷನ್ ಪಾಸಿಟಿವ್, ಗ್ರೌಂಡ್, ಕ್ಯಾನ್ ಹೈ, ಕ್ಯಾನ್ ಲೋ. ಕ್ಯಾನ್ ಅಂದರೆ ಕಾರಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡುವ ಜಾಲ. ಕೆಲವಕ್ಕೆ ಇನ್ನೂ ಒಂದೆರಡು ಸೇರುತ್ತವೆ. ಯಾವ ಪಿನ್ನಿಗೆ ಯಾವುದು ಎನ್ನುವುದು ನಿಮ್ಮ ಉಪಕರಣದ ಚಿತ್ರದಲ್ಲಿರುತ್ತದೆ. ಒಂದೇ ತರಹ ಕಾಣುವ ಎರಡು ಡಬ್ಬಿಗಳಿಗೆ ಬೇರೆ ಬೇರೆ ಪಿನ್ನು ಇರಬಹುದು. ಹಾಗಾಗಿ ಅಂದಾಜಿನ ಮೇಲೆ ವೈರು ಕೊಡಬೇಡಿ. ಕರೆಂಟ್ ಮಿತಿ ಇಡಬಹುದಾದ ಪವರ್ ಸಪ್ಲೈ ತಗೊಂಡು 12ರಿಂದ 13.5 ವೋಲ್ಟ್ ಇಟ್ಟು, ಮಿತಿಯನ್ನು 2 ಆಂಪಿಯರ್ ಆಸುಪಾಸಿಗೆ ಹಾಕಿ. ವೈರು ತಪ್ಪಿದರೂ ಹೊಗೆ ಬರುವ ಮುಂಚೆ ಅದು ತಡೆಯುವ ಸಾಧ್ಯತೆ ಇರುತ್ತದೆ. ಪಾಸಿಟಿವ್, ನೆಗೆಟಿವ್ ಅದಲುಬದಲು ಆಗದಂತೆ ಎರಡು ಸಲ ನೋಡಿ, ಆಮೇಲೆ ಸ್ವಿಚ್ ಹಾಕಿ.

ಮೊದಲ ಕೆಲಸ ಓದುವುದು, ಬರೆಯುವುದಲ್ಲ. ಇಸಿಯುವಿನ ನೆನಪಿನ ಎರಡು ಭಾಗಗಳಾದ ಫ್ಲ್ಯಾಶ್, ಈಪ್ರಾಮ್ ಎರಡನ್ನೂ ಪೂರ್ತಿ ಓದಿ. ಎರಡು ಸಲ ಓದಿ ಹೋಲಿಸಿ ನೋಡಿ, ಫ್ಲ್ಯಾಶ್ ಅಕ್ಷರಶಃ ಒಂದೇ ಇರಬೇಕು. ಎರಡು ಬೇರೆ ಬೇರೆ ಕಡೆ ಇಟ್ಟುಕೊಳ್ಳಿ. ಇಮೊಬಿಲೈಸರ್‌ನ ಗುಟ್ಟು, ಅಂದರೆ ಈ ಕೀ ಈ ಕಾರಿನದೇ ಎನ್ನುವ ಗುರುತು, ಈ ಫೈಲುಗಳಲ್ಲೇ ಇರುತ್ತದೆ. ಬೇರೆ ಕಾರಿನ ಹಳೆಯ ಇಸಿಯು ತಂದು ಸುಮ್ನೆ ಸಿಕ್ಕಿಸಿದರೆ ಕಾರು ಸ್ಟಾರ್ಟ್ ಆಗದಿರುವುದು ಇದಕ್ಕೇ. ನಿಮ್ಮದೇ ಡಬ್ಬಿ ನಿಮ್ಮದೇ ಕಾರಿಗೆ ವಾಪಸ್ ಹೋಗುವುದಾದರೆ ಈ ತೊಂದರೆ ಇಲ್ಲ.

ಬರೆಯುವಾಗ ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರಲಿ, ನಿದ್ದೆ ಹೋಗುವ ಸೆಟ್ಟಿಂಗ್ ಆಫ್ ಆಗಿರಲಿ, ಅಪ್‌ಡೇಟ್ ನಡುವೆ ಎದ್ದು ಬರದಿರಲಿ. ಫೈಲ್ ಬದಲಿಸಿದಾಗ ಅದರ ಚೆಕ್‌ಸಮ್, ಅಂದರೆ ಫೈಲ್ ಕೆಟ್ಟಿಲ್ಲ ಎಂದು ತಾಳೆ ನೋಡುವ ಅಂಕಿಯನ್ನೂ ಸರಿಪಡಿಸಬೇಕು. ಅದು ಹೊಂದದಿದ್ದರೆ ಇಸಿಯು ಆ ಫೈಲ್ ಒಪ್ಪದೆ ಕಾರು ಸ್ಟಾರ್ಟ್ ಆಗದೇ ಇರಬಹುದು. ಹೆಚ್ಚಿನ ಉಪಕರಣಗಳು ತಾವೇ ಸರಿಪಡಿಸುತ್ತವೆ, ಆದರೂ ಆಯ್ಕೆ ಆನ್ ಇದೆಯಾ ನೋಡಿ. ಅರ್ಧ ಬರೆದು ನಿಂತ ಇಸಿಯು ಓಬಿಡಿಗೆ ಮಾತಾಡದೇ ಹೋದರೂ ಎಷ್ಟೋ ಸಲ ಬೂಟ್ ಮೋಡ್‌ನಲ್ಲಿ ಮತ್ತೆ ಬದುಕುತ್ತದೆ. ಆಗ ಕೆಲಸಕ್ಕೆ ಬರುವುದು ನೀವು ಇಟ್ಟುಕೊಂಡ ಮೂಲ ಫೈಲೇ.

ಮುಚ್ಚಳ ತೆಗೆಯುವ ಕೆಲಸ ಮೊದಲ ಸಲದವರಿಗೆ ನಾನು ಹೇಳುವುದಿಲ್ಲ. ಗಟ್ಟಿ ಸಿಲಿಕೋನ್ ಅಂಟನ್ನು ಹದವಾಗಿ ಬಿಸಿ ಮಾಡಿ ಎಬ್ಬಿಸುವಾಗ ಚಾಕುವಿನ ತುದಿ ಒಂದೆರಡು ಮಿಲಿಮೀಟರ್ ಒಳಗೆ ಹೋದರೂ ಬೋರ್ಡಿನ ಸಣ್ಣ ಭಾಗ ಹಾರುತ್ತದೆ. ಯಾರೇ ತೆಗೆದರೂ ವಾಪಸ್ ಅಂಟಿಸಲು ಎಲೆಕ್ಟ್ರಾನಿಕ್ಸ್‌ಗೆ ಆಗುವ ನ್ಯೂಟ್ರಲ್ ಸಿಲಿಕೋನ್ ಹಾಕಿದ್ದಾರಾ ಕೇಳಿ. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಹಾಕಿದರೆ ಅದರ ಆಮ್ಲ ಒಳಗಿನ ತಾಮ್ರವನ್ನು ತಿನ್ನುತ್ತದೆ. ಡಬ್ಬಿಯ ಮೇಲೆ ಗಾಳಿಯಾಡುವ ಪುಟ್ಟ ಬಿಳಿ ಪೊರೆ ಇದ್ದರೆ ಅದರ ಮೇಲೆ ಅಂಟು ಬೀಳಬಾರದು.

ವಾಪಸ್ ಕೂರಿಸುವುದು

ಇಲ್ಲಿ ಆತುರ ಬರುತ್ತದೆ, ಅಲ್ವಾ? ವಾರದಿಂದ ಕಾದಿದ್ದೀರಿ. ಆದರೂ ಮೊದಲು ಬೆಳಕು ಹಿಡಿದು 154 ಪಿನ್ನನ್ನೂ ಒಂದೊಂದು ಸಾಲು ನೋಡಿ. ಒಂದು ಬಾಗಿದ್ದರೆ ಸಣ್ಣ ಚಿಮಟಿಯಲ್ಲಿ ಒಂದೇ ಸಲಕ್ಕೆ ನೇರ ಮಾಡಿ. ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತದೆ. ಕನೆಕ್ಟರಿನ ರಬ್ಬರ್ ಸೀಲ್ ತನ್ನ ಜಾಗದಲ್ಲಿದೆಯಾ ನೋಡಿ. ಆಮೇಲೆ ನೇರವಾಗಿ ಕೂರಿಸಿ ಲಿವರ್ ತಿರುಗಿಸಿ. ಒಳಗೆ ಎಳೆಯುವ ಕೆಲಸ ಲಿವರಿನದು. ನಿಮ್ಮ ಬಲ ಬೇಕಾಯಿತು ಅಂದರೆ ಎಲ್ಲೋ ಓರೆಯಾಗಿದೆ. ತೆಗೆದು ಮತ್ತೆ ಹಾಕಿ.

ಬ್ಯಾಟರಿ ಜೋಡಿಸುವ ಮುಂಚೆ ಒಂದು ಸಣ್ಣ ಪರೀಕ್ಷೆ. ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನ ನಡುವೆ ಓಮ್ ಅಳೆಯಿರಿ. ಕ್ಯಾನ್ ಜಾಲದ ಎರಡು ತುದಿಯಲ್ಲಿ 120 ಓಮಿನ ಎರಡು ರೆಸಿಸ್ಟರ್ ಇರುತ್ತವೆ. ಎರಡೂ ಸೇರಿ 60 ತೋರಿಸಬೇಕು. ಅವುಗಳಲ್ಲಿ ಒಂದು ಇಸಿಯುವಿನ ಒಳಗೇ ಇರುವ ಕಾರುಗಳು ಬಹಳ. ಅಂಥ ಕಾರಿನಲ್ಲಿ 120 ಬಂದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಹೊಸ ಕಾರುಗಳಲ್ಲಿ ಓಬಿಡಿ ಮತ್ತು ಎಂಜಿನ್ ಜಾಲದ ನಡುವೆ ಗೇಟ್‌ವೇ ಅನ್ನುವ ಇನ್ನೊಂದು ಕಂಪ್ಯೂಟರ್ ಇರುವುದರಿಂದ ಈ ಪರೀಕ್ಷೆ ಇಸಿಯು ಬಗ್ಗೆ ಏನೂ ಹೇಳುವುದಿಲ್ಲ. ಇದಕ್ಕಾಗಿಯೇ ಡಬ್ಬಿ ಬಿಚ್ಚುವ ಮುಂಚೆ, ಬ್ಯಾಟರಿ ತೆಗೆದ ಮೇಲೆ ಒಮ್ಮೆ ಅಳೆದಿಟ್ಟುಕೊಂಡರೆ ಹೋಲಿಸಲು ಸುಲಭ.

ನೆಗೆಟಿವ್ ಕೇಬಲ್ ಕೊನೆಗೆ. ಸಣ್ಣ ಕಿಡಿ ಹಾರಿದರೆ ಗಾಬರಿ ಬೇಡ. ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡದೆ ಒಂದು ನಿಮಿಷ ಬಿಡಿ. ಹಲವು ಕಾರುಗಳಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತನ್ನ ಆರಂಭದ ಜಾಗವನ್ನು ಆಗ ಕಲಿಯುತ್ತದೆ. ಬಾನೆಟ್ ಕೆಳಗಿಂದ ಸಣ್ಣ ಗುಯ್ ಸದ್ದು ಕೇಳಬಹುದು. ಸ್ಕ್ಯಾನರ್ ಹಾಕಿ ಇಸಿಯು ಮಾತಾಡುತ್ತಿದೆಯಾ ನೋಡಿ. ಬ್ಯಾಟರಿ ಬಿಡಿಸಿದ್ದಕ್ಕೆ ಬಂದ ಕೋಡುಗಳನ್ನು ಅಳಿಸಿ, ನಂತರ ಸ್ಟಾರ್ಟ್ ಮಾಡಿ. ಐಡಲ್ ಮೊದಲ ಕೆಲವು ನಿಮಿಷ ಏರಿಳಿದರೆ ಸಹಜ. ಇಮೊಬಿಲೈಸರ್ ದೀಪ ಮಿನುಗಿ ಎಂಜಿನ್ ಹತ್ತಿ ಕೂಡಲೇ ಆರಿಹೋದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಟ್ಯೂನರ್‌ಗೆ ಫೋನ್ ಮಾಡಿ. ಕಿಟಕಿಗಳ ಒಂದೇ ಒತ್ತಿನ ಏರಿಳಿತ, ಗಡಿಯಾರ, ರೇಡಿಯೊ ಇವನ್ನು ಮತ್ತೆ ಹೊಂದಿಸಬೇಕಾಗಬಹುದು. ಸ್ಟೀರಿಂಗ್ ದೀಪ ಹತ್ತಿದ್ದರೆ ಎರಡೂ ಕಡೆ ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಮೊದಲ ಓಟ

ನೀರಿನ ಉಷ್ಣತೆ 80-90 ಡಿಗ್ರಿಗೆ ಬರುವ ತನಕ ಮೆಲ್ಲಗೆ ಓಡಿಸಿ. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮೊದಲ ದಿನವೇ ಪೆಡಲ್ ಪೂರ್ತಿ ಒತ್ತಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಲಾಗ್ ಹಾಕದೆ ಮಾಡಬೇಡಿ. ಸ್ಕ್ಯಾನರ್‌ನಲ್ಲಿ ಟರ್ಬೊದ ಬೂಸ್ಟ್ ಒತ್ತಡ, ಗಾಳಿ-ಇಂಧನದ ಪ್ರಮಾಣ, ನಾಕಿಂಗ್‌ಗೆ ಇಸಿಯು ಕಿಡಿಯನ್ನು ಎಷ್ಟು ತಡ ಮಾಡುತ್ತಿದೆ, ಒಳಗೆ ಹೋಗುವ ಗಾಳಿಯ ಉಷ್ಣತೆ, ಈ ನಾಲ್ಕನ್ನು ದಾಖಲಿಸಿ. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಅಥವಾ ಟ್ರ್ಯಾಕ್ ಇದ್ದರೆ ಅಲ್ಲಿ, ಜನ ಓಡಾಡುವ ರಸ್ತೆಯಲ್ಲಿ ಅಲ್ಲ. ಪೆಟ್ರೋಲ್ ಎಂಜಿನ್ ನಿಧಾನಕ್ಕೆ ಹೋಗುವಾಗ 14.7 ಭಾಗ ಗಾಳಿಗೆ 1 ಭಾಗ ಇಂಧನ ಇರುತ್ತದೆ. ಪೂರ್ತಿ ಒತ್ತಿದಾಗ ಅದು ಕೆಳಗಿಳಿಯಬೇಕು, ಅಂದರೆ ಇಂಧನ ಹೆಚ್ಚಬೇಕು. ಇಳಿಯದಿದ್ದರೆ ಅಥವಾ ಒಂದೇ ಸಿಲಿಂಡರಿನಲ್ಲಿ ನಾಕಿಂಗ್ ಸರಿಪಡಿಸುವ ಅಂಕಿ ಏರುತ್ತಲೇ ಹೋದರೆ ಪೆಡಲ್‌ನಿಂದ ಕಾಲು ತೆಗೆಯಿರಿ. ಲಾಗ್ ಫೈಲನ್ನು ಟ್ಯೂನರ್‌ಗೆ ಕಳಿಸಿ. ಒತ್ತಡ ಏರಿಸಿದ ಮೇಲೆ ಜೋರಿನಲ್ಲಿ ಮಾತ್ರ ಮಿಸ್ ಹೊಡೆದರೆ ಮೊದಲು ಸ್ಪಾರ್ಕ್ ಪ್ಲಗ್ ನೋಡಿ. ಹಳೆಯ ಪ್ಲಗ್ಗು, ಅಗಲವಾದ ಗ್ಯಾಪ್ ಇದ್ದರೆ ಹೆಚ್ಚಿದ ಒತ್ತಡದಲ್ಲಿ ಕಿಡಿ ಆರಿಹೋಗುತ್ತದೆ.

ಹೊಗೆ ತಪಾಸಣೆಗೆ ಕೂಡಲೇ ಹೋಗಬೇಡಿ. ಬ್ಯಾಟರಿ ಬಿಡಿಸಿದ್ದರಿಂದ, ಕೋಡು ಅಳಿಸಿದ್ದರಿಂದ ಇಸಿಯುವಿನ ಸ್ವಯಂ ಪರೀಕ್ಷೆಗಳು ಖಾಲಿಯಾಗಿರುತ್ತವೆ. ಅವು ತುಂಬಲು ಕೆಲವು ದಿನಗಳ ಮಾಮೂಲು ಓಡಾಟ ಬೇಕು. ಇಜಿಆರ್, ಡಿಪಿಎಫ್‌ನಂಥ ಹೊಗೆ ತಡೆಯುವ ಭಾಗಗಳನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬಹುತೇಕ ದೇಶಗಳಲ್ಲಿ ರಸ್ತೆಯ ಕಾರಿಗೆ ಅದು ಕಾನೂನಿಗೆ ವಿರುದ್ಧ, ನಾನಂತೂ ಬೇಡ ಅನ್ನುತ್ತೇನೆ. ವಾರಂಟಿ ಇನ್ನೂ ಇರುವ ಕಾರಾದರೆ ಇನ್ನೊಂದು ವಿಷಯ. ಮೂಲ ಫೈಲ್ ವಾಪಸ್ ಹಾಕಿದರೂ ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕ ಕೆಲವು ಇಸಿಯುಗಳಲ್ಲಿ ಉಳಿಯುತ್ತದೆ. ವಿಮೆಯವರಿಗೂ ತಿಳಿಸಬೇಕಾಗಬಹುದು.

ಮುಂದೆ ಕಾರನ್ನು ಸರ್ವಿಸಿಗೆ ಬಿಡುವಾಗ ಎಂಜಿನ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ಒಂದು ಅಪ್‌ಡೇಟ್ ಸಾಕು, ನಿಮ್ಮ ಟ್ಯೂನ್ ಪೂರ್ತಿ ಅಳಿಸಿಹೋಗಿ, ಹೊಸ ಬೀಗವೂ ಬಿದ್ದು, ಮತ್ತೆ 10 ಮಿಮೀ ಸಾಕೆಟ್ ಹುಡುಕಬೇಕಾಗುತ್ತದೆ.